ಅವರೆಗೆ ಕತ್ತಲು ಹೊದಿಸಿದ ವರ್ಷ

ಮೊನ್ನೆ ಹೊಳಲ್ಕೆರೆಯ ಗೊಬ್ಬರದ ಅಂಗಡಿಯಲ್ಲಿ ಕರಿ ಪ್ಲಾಸ್ಟಿಕ್ ಹಾಳೆಯ ಸುರುಳಿಯೊಂದನ್ನು ಬಿಚ್ಚಿ ತೋರಿಸುತ್ತಿದ್ದರು. ಬಾಗಿಲಲ್ಲಿ ಬಿಸಿಲಿಗೆ ಕಾದಿದ್ದ ಸುರುಳಿ. ಬಿಚ್ಚಿದ ಕೂಡಲೇ ಟೈರಿನಂಥ ಘಾಟು ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಬರೀ ಪ್ಲಾಸ್ಟಿಕ್ಕು. ನನಗೆ ಅದು ವೇಲ್ಸ್ ದೇಶದ ಸಂಜೆ ಐದು ಗಂಟೆಯ ವಾಸನೆ. ಅಂಗಡಿಯವರು "ಎಷ್ಟು ಮೀಟರ್ ಬೇಕು ಮೇಡಂ?" ಎಂದು ಎರಡನೇ ಸಲ ಕೇಳಿದ ಮೇಲೆಯೇ ನಾನು ಹೊಳಲ್ಕೆರೆಗೆ ವಾಪಸು ಬಂದದ್ದು.

ವೇಲ್ಸ್ ಎಂದರೆ ಇಂಗ್ಲೆಂಡಿನ ಮಗ್ಗುಲಿಗೆ ಅಂಟಿಕೊಂಡಿರುವ ಗುಡ್ಡಗಾಡು. ಅಲ್ಲಿ ಒಂದು ವರ್ಷ ಇದ್ದೆ. ಮೂರು ಎಕರೆ ಜಮೀನಿನಲ್ಲಿ ಆಯಾ ಕಾಲದ ತರಕಾರಿ, ಹಣ್ಣು ಬೆಳೆಯುವುದನ್ನು ಕಲಿಯಲು ಹೋಗಿದ್ದೆ.

ನಮ್ಮೂರು ತಾಳ್ಯ. ಅಪ್ಪ, ಅವ್ವ ಇಬ್ಬರೂ ಊರಾಚೆಯ ದಾಳಿಂಬೆ ತೋಟದಲ್ಲಿ ಕೂಲಿ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಪುಕ್ಕಟೆ ಬಂದದ್ದಲ್ಲ. ಹಾಸ್ಟೆಲ್ಲಿನ ತಿಳಿಸಾರು ಉಂಡು, ಹಿಂದಿನ ವರ್ಷದವರು ಬಿಟ್ಟುಹೋದ ಪುಸ್ತಕ ಓದಿ, ಹಿರಿಯೂರಿನಲ್ಲಿ ತೋಟಗಾರಿಕೆ ಪದವಿ ಮುಗಿಸಿದೆ.

ಆ ಓದಿನ ಬಗ್ಗೆ ಅಪ್ಪನಿಗೆ ಒಂದೇ ಒಂದು ಚಿತ್ರ ಗೊತ್ತಿತ್ತು. ವರ್ಷಕ್ಕೊಮ್ಮೆ ದಾಳಿಂಬೆ ತೋಟಕ್ಕೆ ಅಧಿಕಾರಿಗಳ ಜೀಪು ಬರುತ್ತಿತ್ತು. ಇಳಿದವರ ಬೂಟಿಗೆ ಮಣ್ಣು ಹತ್ತದ ಹಾಗೆ ಯಜಮಾನರು ಬದುವಿನ ಮೇಲೆ ದಾರಿ ತೋರಿಸುತ್ತಿದ್ದರು. ಅಪ್ಪ ಎಳನೀರು ಕೊಚ್ಚಿ ಕೊಡುತ್ತಿದ್ದ. ಮಗಳು ಓದುವುದು ಆ ಜೀಪಿನಲ್ಲಿ ಕೂರಲು ಎಂದು ಅವನು ತಿಳಿದಿದ್ದ. ಅಷ್ಟು ವರ್ಷ ನನ್ನ ಕೈಗೆ ಅವನು ಕುಡುಗೋಲನ್ನೂ ಕೊಟ್ಟವನಲ್ಲ. ರಜದಲ್ಲಿ ತೋಟಕ್ಕೆ ಹೋದರೆ "ಮರದಡಿ ಕುಂತ್ಕಂಡು ಓದ್ಕ ಹೋಗವ್ವ" ಎನ್ನುತ್ತಿದ್ದ.

ಹೀಗಿರುವಾಗ ಒಂದು ವರ್ಷದ ತರಬೇತಿಗೆ ನಾನು ಆಯ್ಕೆಯಾದೆ. ವಿಮಾನ ಹತ್ತುತ್ತಾಳೆ ಎಂದು ಅಪ್ಪ ಬೀದಿಗೆಲ್ಲಾ ಬೆಲ್ಲ ಹಂಚಿದ. ಮಾರ್ಚಿನಲ್ಲಿ ಹೋಗಿ ಇಳಿದೆ. ಮೊದಲ ವಾರದಲ್ಲೇ, ಮೊಣಕಾಲುದ್ದ ರಬ್ಬರ್ ಬೂಟು ಹಾಕಿ, ಸಲಿಕೆ ಹಿಡಿದು, ಮುಖಕ್ಕೆಲ್ಲಾ ಕೆಸರು ಮೆತ್ತಿಕೊಂಡು ನಿಂತ ನನ್ನ ಫೋಟೋವೊಂದನ್ನು ಖುಷಿಯಿಂದ ಮನೆಗೆ ಕಳಿಸಿದೆ.

ಅದನ್ನು ಅಪ್ಪ ನೋಡಿದ. ಅವನ ಹೆಗಲ ಮೇಲಿಂದ ತೋಟದ ಯಜಮಾನರೂ ನೋಡಿದರು. "ಏನೋ ತಿಪ್ಪೇಸ್ವಾಮಿ, ನಿನ್ನ ಮಗಳು ಅಲ್ಲೂ ನಿನ್ನ ಕೆಲಸಾನೇ ಮಾಡ್ತಾಳಲ್ಲೋ" ಎಂದು ನಕ್ಕರಂತೆ. ಅವ್ವ ಆಮೇಲೆ ಹೇಳಿದ್ದು ಇದು. ಅಪ್ಪ ಮಾತ್ರ ಅವತ್ತು ಒಂದೇ ಮಾತು ಹೇಳಿ ಫೋನಿಟ್ಟ:

"ಸಲಿಕೆ ಹಿಡಿಯಾಕೆ ಸಮುದ್ರ ದಾಟಬೇಕಿತ್ತಾ? ತಾಳ್ಯದಾಗೆ ಇರ್ಲಿಲ್ವಾ?"

ಅಲ್ಲಿಂದಾಚೆಗೆ ಅವನು ನನ್ನ ಜೊತೆ ಮಾತು ಬಿಟ್ಟ.

ನಾನಿದ್ದ ಜಮೀನಿನ ಒಡತಿ ಗ್ವೆನ್. ಎಪ್ಪತ್ತರ ಹತ್ತಿರದ ವಯಸ್ಸು, ಒಂಟಿ ಹೆಂಗಸು, ಕುಳ್ಳಗೆ, ಬಿಗಿಯಾಗಿ ಕಟ್ಟಿದ ಹುಲ್ಲಿನ ಹೊರೆಯ ಹಾಗಿದ್ದರು. ಮೊದಲು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವರು. ಅವರನ್ನು ಹೆಸರು ಹಿಡಿದು ಕರೆಯುವುದು ಅಲ್ಲಿಯ ರೂಢಿ. ಅದನ್ನು ಕೇಳಿ ಅವ್ವ ಫೋನಿನಲ್ಲೇ ಬೈದಳು: "ಅಜ್ಜಿ ವಯಸ್ಸಿನೋರನ್ನ ಹೆಸರಿಡಿದು ಕೂಗ್ತೀಯಲ್ಲೇ, ನಾಲಿಗೆ ಬಿದ್ದೋಗ್ತೈತೆ." ಆಮೇಲೆ ನಮ್ಮ ಮನೆಯಲ್ಲಿ ಅವರು ಗ್ವೆನ್ನಮ್ಮ ಆದರು.

ಅಲ್ಲಿಯ ಮಳೆಗೆ ಹೊತ್ತುಗೊತ್ತಿಲ್ಲ. ನಮ್ಮಲ್ಲಿ ಮಳೆ ಬಂದರೆ ಬಂತು, ಊರಿಗೆಲ್ಲಾ ಸುದ್ದಿ. ಅಲ್ಲಿ ಅದು ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಅಡ್ಡಡ್ಡ ಹನಿಯುತ್ತಾ ಕೋಟಿನೊಳಗೆ ಇಳಿಯುತ್ತಿತ್ತು. ಏಪ್ರಿಲ್ಲಿನಲ್ಲಿ ಆಲೂಗಡ್ಡೆ ಹಾಕಿದೆವು. ಮೇ ತಿಂಗಳಲ್ಲಿ ಸೇಬಿನ ಗಿಡಗಳು ಒಂದೇ ವಾರದಲ್ಲಿ ಹೂವಾಗಿ, ಒಂದು ರಾತ್ರಿಯ ಗಾಳಿಗೆ ಅರ್ಧ ಉದುರಿಹೋದವು. ಜೂನಿನಲ್ಲಿ ಬಟಾಣಿ, ಸ್ಟ್ರಾಬೆರಿ. ಸ್ಟ್ರಾಬೆರಿ ಕೀಳುವುದು ಕಡಲೆಗಿಡ ಕಿತ್ತಷ್ಟೇ ಸೊಂಟದ ಕೆಲಸ. ಹಣ್ಣು ನೋಡಲು ಮಾತ್ರ ನಾಜೂಕು. ಕಿತ್ತದ್ದನ್ನೆಲ್ಲಾ ಶನಿವಾರ ಪಕ್ಕದ ಊರಿನ ಸಂತೆಗೆ ಒಯ್ದು ಮಾರುತ್ತಿದ್ದೆವು.

ಆ ಸಂತೆಯಲ್ಲಿ ನನ್ನನ್ನು ಕಾಡಿದ ಸಂಗತಿ ಒಂದಿತ್ತು. ಪಕ್ಕದ ಮೇಜಿನಲ್ಲಿ ಕ್ಯಾರೆಟ್ ಮಾರುತ್ತಿದ್ದವರು ನಿವೃತ್ತ ಡಾಕ್ಟರು. ಉಗುರಿನ ಸಂದಿಯಲ್ಲಿ ಮಣ್ಣು. ಅದನ್ನು ಅವರು ಮುಚ್ಚಿಕೊಳ್ಳುತ್ತಿರಲಿಲ್ಲ, ಎದುರು ಬಂದವರಿಗೆ ಕೈ ಚಾಚಿ ಕುಲುಕುತ್ತಿದ್ದರು. ನಮ್ಮಪ್ಪ ಊರ ಮದುವೆಗೆ ಹೊರಟಾಗ ಕಲ್ಲಿನಲ್ಲಿ ಉಜ್ಜಿ ಉಜ್ಜಿ ಕೈ ತೊಳೆಯುವುದು ನೆನಪಾಗುತ್ತಿತ್ತು. ಇವರನ್ನು ಯಾರೂ ಯಾವತ್ತೂ 'ಲೇ ಆಳೇ' ಎಂದು ಕೂಗಿಲ್ಲ, ಅದಕ್ಕೇ ಮಣ್ಣು ಇವರಿಗೆ ಹಗುರ ಎಂದುಕೊಂಡೆ. ಆದರೂ ಆ ಕೈಗಳನ್ನು ನೋಡುತ್ತಾ ನೋಡುತ್ತಾ ನನ್ನೊಳಗೆ ಒಂದು ಆಸೆ ಗಟ್ಟಿಯಾಯಿತು. ಊರಿಗೆ ಹೋಗಿ ನಾನೂ ಹೀಗೇ ಬೇಸಾಯ ಮಾಡಬೇಕು.

ಅದಕ್ಕೊಂದು ದಾರಿಯೂ ಇತ್ತು. ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರದು ಬಿ.ದುರ್ಗದ ಹತ್ತಿರ ಎರಡು ಎಕರೆ, ಒಂದು ಬೋರು. ಅವರು ಚಿತ್ರದುರ್ಗದಲ್ಲಿ ಮನೆ ಮಾಡಿ ಹೊಲ ಬೀಳು ಬಿಟ್ಟಿದ್ದರು. ಫೋನಿನಲ್ಲಿ ಕೇಳಿದೆ. ವಾರಕ್ಕೆ ಕೊಡಲು, ಎಂದರೆ ಬೆಳೆದದ್ದರಲ್ಲಿ ಅರ್ಧ ಅವರಿಗೆ ಅರ್ಧ ನನಗೆ ಎಂಬ ಮಾತಿಗೆ, ಅವರು ಒಪ್ಪಿದರು. ಒಂದು ಷರತ್ತು ಹಾಕಿದರು: "ನಿಮ್ಮಪ್ಪ ಒಪ್ಪಿ ಜೊತೆಗೆ ಬರಬೇಕು. ಒಬ್ಬಳೇ ಹುಡುಗಿ ಕೈಗೆ ಹೊಲ ಕೊಟ್ಟು ನಾನು ಊರೋರ ಬಾಯಿಗೆ ಬೀಳಾಕಾಗಲ್ಲ ಮಂಜುಳಾ."

ಅವರು ಹೇಳದಿದ್ದರೂ ಅಪ್ಪ ಇಲ್ಲದೆ ನನಗೆ ಆಗುತ್ತಿರಲಿಲ್ಲ. ಅವ್ವನ ಮೂಲಕ ಹೇಳಿ ಕಳಿಸಿದೆ. ಅವ್ವನ ಮೂಲಕವೇ ಉತ್ತರ ಬಂತು: "ನಾನು ಇನ್ನೊಬ್ಬರ ಹೊಲದಾಗೆ ಬಗ್ಗಿದ್ದು ಸಾಕು. ಅವಳೂ ಬಗ್ಗಾದಾದ್ರೆ ಓದಿದ್ದು ಯಾಕೆ? ಸೊಸೈಟಿಯಾಗೆ ಗುಮಾಸ್ತೆ ಕೆಲಸ ಐತಂತೆ, ಮಾತಾಡಿದೀನಿ. ಬಂದು ಕುರ್ಚಿ ಮೇಲೆ ಕುಂತ್ಕಳ್ಳಲಿ." ಇಬ್ಬರ ಹಟವೂ ಒಂದೇ ಗಾಣದ್ದು. ಮಧ್ಯೆ ಅವ್ವ ಅರೆದುಹೋಗುತ್ತಿದ್ದಳು.

ಅವರೆ ಬಂದದ್ದು ಈ ನಡುವೆ. ಚಳಿ ತಡೆಯಲು ತಿಳಿ ಪ್ಲಾಸ್ಟಿಕ್ ಹೊದಿಸಿದ್ದ ಪಾಲಿಹೌಸಿನ ಒಂದು ಮೂಲೆಯನ್ನು ಗ್ವೆನ್ ನನಗೇ ಬಿಟ್ಟುಕೊಟ್ಟು, "ನಿನ್ನ ಊರಿನದು ಏನಾದರೂ ಬೆಳೆ" ಎಂದಿದ್ದರು. ಪಟ್ಟಣದ ಇಂಡಿಯನ್ ಅಂಗಡಿಯಲ್ಲಿ ಒಣಗಿದ ಅವರೆಕಾಳು ಸಿಕ್ಕಿತು. ಯಾವಾಗ ಹಾಕಲಿ ಎಂದು ಅವ್ವನನ್ನು ಕೇಳಿದೆ. "ಆರಿದ್ರಾ ಮಳೆ ಹುಟ್ಟೈತೆ, ಹಾಕು. ಮಾಗಿಗೆ ಕಾಯಿ ಬರ್ತೈತೆ" ಎಂದಳು. ಜೂನ್ ಕೊನೆ. ಹಾಕಿದೆ. ತಾಳ್ಯದ ಮಳೆನಕ್ಷತ್ರ ನೋಡಿ ವೇಲ್ಸಿನ ಗುಡ್ಡದ ಮೇಲೆ ಬಿತ್ತಿದವಳು ಚರಿತ್ರೆಯಲ್ಲಿ ನಾನೊಬ್ಬಳೇ ಇರಬೇಕು.

ಬಳ್ಳಿ ಹಬ್ಬಿದ್ದೇ ಹಬ್ಬಿದ್ದು. ಆಗಸ್ಟ್ ಹೊತ್ತಿಗೆ ಪಾಲಿಹೌಸಿನ ಸೂರು ಮುಟ್ಟಿ, ಹಸಿರು ಚಪ್ಪರವಾಗಿ ಕೆಳಗೆ ಜೋತುಬಿತ್ತು. ಹೂವಿನ ಸುಳಿವಿಲ್ಲ. ಗ್ವೆನ್ ದಿನಾ ಬಂದು ನೋಡಿ, "ಇದು ತಿನ್ನುವ ಗಿಡವೋ, ಕಿಟಕಿಗೆ ಕಟ್ಟುವ ಪರದೆಯೋ?" ಎನ್ನುತ್ತಿದ್ದರು.

ನಾನು ಮನೆಗೆ ಫೋನು ಮಾಡುತ್ತಿದ್ದದ್ದು ಬೆಳಿಗ್ಗೆ, ಚಹಾ ಕುಡಿಯುವಾಗ. ಆಗ ಊರಲ್ಲಿ ಮಧ್ಯಾಹ್ನ, ಅಪ್ಪ ಅವ್ವ ಬೇವಿನ ಮರದಡಿ ಬುತ್ತಿ ಬಿಚ್ಚುವ ಹೊತ್ತು. ವಿಡಿಯೋದಲ್ಲಿ ಅವ್ವನ ಮುಖ ಕಾಣುತ್ತಿತ್ತು. ಅಪ್ಪನದು ಬೆನ್ನು ಮಾತ್ರ. ಆ ಬೆನ್ನಿಗೂ ಕಿವಿ ಇತ್ತು.

"ಹೂವು ಬಿಟ್ಟೈತೇನೇ?" ಎಂದಳು ಅವ್ವ.

"ಇಲ್ಲ ಕಣವ್ವ. ಬರೀ ಎಲೆ."

ಬೆನ್ನು ಮಾತಾಡಿತು, ಅವ್ವನಿಗೆ: "ಕೇಳು ಅವಳನ್ನ, ಅಲ್ಲಿ ಯಾವ ಮಳೆ ನಡೀತೈತೆ ಅಂತ."

"ನೀನೇ ಕೇಳು. ಬಾಯಿಲ್ವಾ?"

"ಇಲ್ಲಿ ಮಳೆಗೆ ಹೆಸರಿಲ್ಲಪ್ಪ," ಎಂದೆ.

"ನೋಡು, ಹೆಸರೇ ಇಲ್ಲದ ಮಳೆ ನಂಬ್ಕಂಡು ಬಿತ್ತವ್ಳೆ. ಪದವೀಧರೆ."

ಅವತ್ತು ಸಂಜೆ ಊಟ ಮುಗಿಸಿ ಅಂಗಳದಲ್ಲಿ ನಿಂತಿದ್ದೆ. ಗಡಿಯಾರದಲ್ಲಿ ಒಂಬತ್ತು. ಆಕಾಶದಲ್ಲಿ ಇನ್ನೂ ಪುಸ್ತಕ ಓದಬಹುದಾದ ಬೆಳಕು. ಆ ಬೆಳಕಿಗೇ ಹಿರಿಯೂರಿನ ತರಗತಿ ನೆನಪಾಯಿತು. ಕೆಲವು ಗಿಡಗಳು ಹೂ ಬಿಡುವುದು ಮಳೆ ನೋಡಿಯೂ ಅಲ್ಲ, ವಯಸ್ಸು ನೋಡಿಯೂ ಅಲ್ಲ, ರಾತ್ರಿಯ ಉದ್ದ ನೋಡಿ. ನಾಟಿ ಅವರೆ ಆ ಜಾತಿಯದು. ಇರುಳು ಉದ್ದವಾಗುವ ತನಕ ಅದು ಬಳ್ಳಿಯಾಗಿಯೇ ಇರುತ್ತದೆ. ವೇಲ್ಸಿನಲ್ಲಿ ಇರುಳು ಉದ್ದವಾಗುವಷ್ಟರಲ್ಲಿ ಹಿಮ ಬಿದ್ದು ಬಳ್ಳಿಯೇ ಸುಟ್ಟುಹೋಗುತ್ತದೆ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದ ಉತ್ತರ ಅದು. ಕಣ್ಣ ಮುಂದೆ ಬಂದು ನಿಂತಿದ್ದು ಮಾತ್ರ ಆ ಸಂಜೆ.

ಮರುದಿನ ಬಳ್ಳಿಗಳನ್ನು ಸೊಂಟದ ಎತ್ತರಕ್ಕೆ ಕತ್ತರಿಸಿದೆ. ಸುತ್ತ ಗಳ ನಿಲ್ಲಿಸಿ, ಹುಲ್ಲು ಮುಚ್ಚಲು ಇಟ್ಟಿದ್ದ ಕರಿ ಪ್ಲಾಸ್ಟಿಕ್ ಹಾಳೆ ತಂದೆ. ಸಂಜೆ ಐದಕ್ಕೆ ಹೊದಿಸುವುದು, ಬೆಳಿಗ್ಗೆ ಏಳಕ್ಕೆ ತೆಗೆಯುವುದು. ಒಂದು ದಿನ ತಪ್ಪಿದರೂ ಲೆಕ್ಕ ಕೆಡುತ್ತದೆ. ಬೆಳಕು ಒಂದು ಸಂದಿಯಲ್ಲಿ ಒಳಗೆ ಹೋದರೂ ಗಿಡಕ್ಕೆ ಗೊತ್ತಾಗುತ್ತದೆ. ಬಿಸಿಲಿಗೆ ಕಾದ ಆ ಹಾಳೆಯನ್ನು ಎಳೆಯುವಾಗ ಏಳುತ್ತಿದ್ದ ಘಾಟು ಬಟ್ಟೆಗೆ ಹತ್ತಿ, ಊಟದ ಮೇಜಿಗೂ ಬರುತ್ತಿತ್ತು.

"ಏನೇ ಅದು, ಹೆಣಕ್ಕೆ ಹೊದಿಸಿದಂಗೆ?" ಎಂದಳು ಅವ್ವ, ಫೋನಿನಲ್ಲಿ ನೋಡಿ.

"ಸುಳ್ಳು ರಾತ್ರಿ ಮಾಡ್ತಿದೀನವ್ವ. ರಾತ್ರಿ ಉದ್ದ ಆದ್ರೇನೇ ಅವರೆ ಹೂವು ಬಿಡಾದು. ಇಲ್ಲಿ ಒಂಬತ್ತು ಗಂಟೆಗಂಟ ಬೆಳಕಿರ್ತೈತೆ."

ಬೆನ್ನು ಹೇಳಿತು: "ಗಿಡಕ್ಕೂ ಮೋಸ ಮಾಡಾಕೆ ಕಲ್ತ್ಳು."

"ನೀನು ಸುಮ್ನೆ ಉಣ್ಣು," ಎಂದಳು ಅವ್ವ.

ಹಾಳೆಯ ಇನ್ನೊಂದು ತುದಿ ಹಿಡಿಯಲು ಗ್ವೆನ್ ಬರುತ್ತಿದ್ದರು. ಅಂಥ ಒಂದು ಸಂಜೆ, ಅಪ್ಪ ಮಾತು ಬಿಟ್ಟ ಕತೆಯನ್ನು ಅವರಿಗೆ ಹೇಳಿದೆ. ನಿಮ್ಮಂಥವರಿಗೆ ಇದು ಅರ್ಥವಾಗಲಿಕ್ಕಿಲ್ಲ ಎಂದೂ ಸೇರಿಸಿದೆ. ಅವರು ಹಾಳೆಯ ಅಂಚಿಗೆ ಕಲ್ಲು ಹೇರುತ್ತಾ ಹೇಳಿದರು:

"ನನ್ನ ಅಪ್ಪ ಈ ಗುಡ್ಡದ ಕೆಳಗಿನ ಜಮೀನಿನಲ್ಲಿ ಆಳಾಗಿದ್ದ. ಭಾನುವಾರ ಚರ್ಚಿಗೆ ಹೋಗುವ ಮುಂಚೆ ಅವ್ವ ನಮ್ಮ ಬೂಟಿನ ಅಡಿಯನ್ನೂ ತೊಳೆಯುತ್ತಿದ್ದಳು, ಮಣ್ಣು ಕಾಣಬಾರದು ಅಂತ. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಟೀಚರಾದಾಗ ಅವ್ವ ಅತ್ತಳು. ಕೂಡಿಟ್ಟ ದುಡ್ಡಲ್ಲಿ ಈ ಜಮೀನು ಕೊಂಡಾಗಲೂ ಅತ್ತಳು. ಆ ಅಳು ಬೇರೆ."

"ಆಮೇಲೆ ಸರಿಹೋದರಾ?"

"ಇಲ್ಲ. ಸಾಯುವ ತನಕ ಈ ಗೇಟು ದಾಟಿ ಒಳಗೆ ಬರಲಿಲ್ಲ. ನಾನು ಬೆಳೆದ ಸೇಬನ್ನು ತಿನ್ನಲೂ ಇಲ್ಲ." ಇನ್ನೊಂದು ಕಲ್ಲು ಎತ್ತಿಡುತ್ತಾ, "ನಾನೂ ಹೋಗಿ ಕರೆಯಲಿಲ್ಲ ಅನ್ನು. ಅವಳಿಗೇ ಗೊತ್ತಾಗಬೇಕು ಅಂತ ಕಾದೆ," ಎಂದರು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಇವರಿಗೆ ಮಣ್ಣು ಹಗುರ ಎಂದುಕೊಂಡಿದ್ದೆನಲ್ಲ. ನನ್ನದೇ ಕತೆಯನ್ನು ಒಬ್ಬಾಕೆ ಮೊದಲೇ ಬಾಳಿ ಮುಗಿಸಿದ್ದರು. ಅದರ ಕೊನೆ ಚೆನ್ನಾಗಿರಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹಾಳೆ ಎಳೆದಾಗ ಹೂವು ಕಂಡಿತು. ಎಲೆಗಳ ಮೇಲಕ್ಕೆ ಚಿಮ್ಮಿದ ಬಿಳಿ ಗೊಂಚಲು. ಫೋನು ಹಚ್ಚಿದೆ. ಅವ್ವ ಎತ್ತಿದಳು.

"ಅವ್ವ, ಅಪ್ಪನ ಕೈಗೆ ಕೊಡು."

"ಮಾತಾಡಲ್ಲ ಕಣೇ ಅವನು."

"ಮಾತಾಡಾದು ಬ್ಯಾಡ. ನೋಡಿದ್ರೆ ಸಾಕು. ನಾನೇ ಕರೀತಿದೀನಿ ಅಂತ ಹೇಳು."

ಪರದೆಯ ಮೇಲೆ ಬೇವಿನ ಕೊಂಬೆ, ಆಕಾಶ, ಟವೆಲ್ಲು, ಆಮೇಲೆ ಅಪ್ಪನ ಮುಖ ಬಂತು. ಆರು ತಿಂಗಳಿಗೆ ಅವನ ಕೆನ್ನೆ ಇಳಿದಿತ್ತು. ನಾನು ಹೂವಿನ ಹತ್ತಿರ ಫೋನು ಹಿಡಿದೆ. ಅವನು ಬಹಳ ಹೊತ್ತು ನೋಡಿದ.

"ಇದನ್ನ ಯಾರು ಹೇಳಿಕೊಟ್ಟಿದ್ದು? ಆ ಗ್ವೆನ್ನಮ್ಮನಾ?"

"ಇಲ್ಲಪ್ಪ. ಹಿರಿಯೂರಾಗೆ ಕಲ್ತಿದ್ದು. ಕಾಲೇಜಾಗೆ."

"ಕಾಲೇಜಾಗೆ ಇದನ್ನ ಹೇಳಿಕೊಡ್ತಾರಾ?"

"ಇದನ್ನೇ ಹೇಳಿಕೊಡಾದು. ನಾಲ್ಕು ವರ್ಷ ಇದೇ ಓದಿದ್ದು."

"ನಾನು ಸೀಲು ಒತ್ತಾದು, ಸೈನು ಹಾಕಾದು ಹೇಳಿಕೊಡ್ತಾರೆ ಅಂತಿದ್ದೆ."

ಅವನು ತಮಾಷೆ ಮಾಡುತ್ತಿರಲಿಲ್ಲ. ಫೋನು ಅವ್ವನಿಗೆ ಕೊಡುತ್ತಾನೆ ಎಂದುಕೊಂಡೆ. ಕೊಡಲಿಲ್ಲ. ದನಿ ತಗ್ಗಿಸಿ ಕೇಳಿದ:

"ಹಂಗಾರೆ ಒಂದು ಹೇಳು. ಇಲ್ಲಿ ಬೋರಿನ ಮನೆ ಮುಂದೆ ರಾತ್ರೆಲ್ಲಾ ದೊಡ್ಡ ಲೈಟು ಉರೀತೈತೆ. ಅದರ ಕೆಳಗೆ ಬೇಲಿಗುಂಟ ಅವರೆ ಸಾಲು ಹಾಕ್ತೀನಿ, ನಿಂಗೆ ಗೊತ್ತಲ್ಲ. ಅತ್ಲಾಗಿನ ಸಾಲು ಕಾಯಿ ಬಿಡ್ತೈತೆ. ಲೈಟಿನ ಕೆಳಗಿನ ಸಾಲು ಬರೀ ಬಳ್ಳಿ. ಎಷ್ಟೋ ವರ್ಷದಿಂದ ಹಂಗೇ. ನಾನು ಗೊಬ್ಬರ ಜಾಸ್ತಿ ಸುರಿದು ಕೆಡಿಸ್ತೀನಿ ಅಂತ ಯಜಮಾನ್ರು ಆಳುಗಳ ಮುಂದೆಲ್ಲಾ ಬೈದ್ರು. ಅದು ಲೈಟಿಗಾ?"

"ಲೈಟಿಗೇ ಅಪ್ಪ. ಅದಕ್ಕೆ ರಾತ್ರಿನೇ ಆಗ್ತಿಲ್ಲ ಅಲ್ಲಿ."

"ಗೊಬ್ಬರ ಅಲ್ಲ?"

"ಅಲ್ಲ."

"ನಂದೇನೂ ತಪ್ಪಿರಲಿಲ್ಲ ಹಂಗಾರೆ."

ಅವನು ಪಕ್ಕಕ್ಕೆ ತಿರುಗಿ ಅವ್ವನಿಗೂ ಅದನ್ನೇ ಹೇಳಿದ: "ನಂದೇನೂ ತಪ್ಪಿರಲಿಲ್ಲ ಕಣೇ." ಆಮೇಲೆ ಫೋನು ಕಟ್ಟಾಯಿತು.

ಮುಂದಿನ ಸುದ್ದಿ ಕೊಟ್ಟವಳು ಅವ್ವ. ಹೇಳುವಾಗ ನಗು ತಡೆಯಲಾಗದೆ ಸೆರಗು ಕಚ್ಚಿಕೊಂಡಿದ್ದಳು. ಅಪ್ಪ ಮರುದಿನವೇ ಯಜಮಾನರ ಮುಂದೆ ಹೋಗಿ ನಿಂತನಂತೆ. "ಯಜಮಾನ್ರೇ, ರಾತ್ರಿ ಆ ಲೈಟು ಆರಿಸ್ರಿ, ಅವರೆ ಬಿಡ್ತೈತೆ." "ಯಾರಲೇ ಹೇಳಿದ್ದು?" "ನಮ್ಮ ಹುಡುಗಿ." "ಅವಳಿಗೇನು ಗೊತ್ತು?" "ಕೆಸರಾಗೆ ನಿಂತಿದ್ದು ನೋಡಿ ನಗಾಡಿದ್ರಲ್ಲ, ಅಲ್ಲಿಂದಾನೇ ಹೇಳವ್ಳೆ." ಲೈಟು ಆರಿತಂತೆ. ಆ ಮಾಗಿಯಲ್ಲಿ ಆ ಸಾಲೂ ಕಾಯಾಯಿತು.

ನನ್ನ ಅವರೆಯೂ ಕಾಯಾಯಿತು. ಅಕ್ಟೋಬರಿನ ಕೊನೆಗೆ, ಹೊರಗೆ ಹುಲ್ಲೆಲ್ಲಾ ಬೆಳ್ಳಗೆ ಹಿಮಗಟ್ಟಿದ ಒಂದು ಬೆಳಿಗ್ಗೆ, ಎರಡು ಬೊಗಸೆ ಕೊಯ್ದೆ. ಸಾರು ಮಾಡಿದೆ. ಸೊಗಡಿಗೆ ಗ್ವೆನ್ ಮೊದಲು ಮೂಗು ಸಿಂಡರಿಸಿದರು, ಆಮೇಲೆ ಎರಡನೇ ಸಲ ಹಾಕಿಸಿಕೊಂಡರು.

ಆ ಬೆಳೆಯಿಂದ ಎಲ್ಲಾ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಪ್ಪ ಮಾತಾಡತೊಡಗಿದ, ನಿಜ. ದಾಳಿಂಬೆ ಎಲೆಯ ಚುಕ್ಕೆ ತೋರಿಸಿ ಕೇಳುತ್ತಿದ್ದ, ಸೇಬು ಕೊಯ್ಯುವ ಏಣಿ ನೋಡಿ ನಗುತ್ತಿದ್ದ. ಮೇಷ್ಟ್ರ ಹೊಲದ ಮಾತೆತ್ತಿದರೆ ಮಾತ್ರ "ಬಾ, ಆಮೇಲೆ ನೋಡಾಣ" ಎನ್ನುತ್ತಿದ್ದ. ಸೊಸೈಟಿಯ ಕೆಲಸವನ್ನು ಅವನು ಬೇಡವೆಂದಿರಲಿಲ್ಲ. ಚಳಿಗಾಲ ಬಂತು. ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತಿತ್ತು. ಕತ್ತಲಲ್ಲಿ ಕೂತು ಗ್ವೆನ್ ಜೊತೆ ಬೀಜದ ಪೊಟ್ಟಣ ಕಟ್ಟುತ್ತಾ, ಬೆಳಗಾದರೆ ಹಣ್ಣಿನ ಗಿಡಗಳ ಕೊಂಬೆ ಸವರುತ್ತಾ, ಅವನು ಬರುತ್ತಾನೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆ. ಹೊರಡುವ ದಿನ ಗ್ವೆನ್ ಗೇಟಿನ ತನಕ ಬಂದರು. "ಕಾಯಬೇಡ. ಹೋಗಿ ಕೈ ಹಿಡಿದು ಕರಿ," ಎಂದರು.

ಬಂದ ವಾರದಲ್ಲೇ ಅಪ್ಪನನ್ನು ಕರೆದೆ, ಬಾ ಅಪ್ಪ, ಹೊಲ ನೋಡಿಯಾದರೂ ಬರೋಣ ಎಂದು. ಅವನು ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ಬಿಳಿ ಅಂಗಿ ಹಾಕಿದ್ದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ. ಅದು ಸೊಸೈಟಿ ಸೆಕ್ರೆಟರಿಯನ್ನು ಕಾಣಲು ಹಾಕುವ ಅಂಗಿ.

ಬಿ.ದುರ್ಗದ ಆ ಹೊಲದಲ್ಲಿ ಮೇಷ್ಟ್ರು ಕೊಡೆ ಹಿಡಿದು ನಿಂತಿದ್ದರು. ಬೇಸಿಗೆಯ ಮೊದಲ ಬಿಸಿಲು. ಎರಡು ಎಕರೆ ತುಂಬಾ ಲಂಟಾನ, ಒಣಹುಲ್ಲು.

"ಬರ್ರಪ್ಪ. ತಿಪ್ಪೇಸ್ವಾಮಿ, ನಿನ್ನ ಬಾಯಲ್ಲೇ ಕೇಳಬೇಕು ಅಂತ ಕರೆಸಿದೆ," ಎಂದರು ಮೇಷ್ಟ್ರು. "ಹೊಲ ನಿನ್ನ ಮೇಲಿನ ನಂಬಿಕೆಗೆ ಕೊಡ್ತಿದೀನಿ. ಬೇಸಾಯ ನಿಂದು, ಮಗಳು ಜೊತೆಗಿರ್ತಾಳೆ. ಹಂಗೆ ತಾನೇ?"

ಅಪ್ಪ ನೆಲ ನೋಡುತ್ತಾ ನಿಂತಿದ್ದ. ಹಂಗೇ ಎಂದು ಒಂದು ಮಾತು ಅಂದಿದ್ದರೆ ಹೊಲ ಸಿಗುತ್ತಿತ್ತು. ನಾನೂ ಅಷ್ಟಕ್ಕೆ ತಯಾರಾಗಿದ್ದೆ.

"ಹಂಗಲ್ಲ ಮೇಷ್ಟ್ರೇ," ಎಂದ ಅಪ್ಪ. "ಬೇಸಾಯ ಅವಳ್ದು. ಅವಳು ಹೊಲಾನೇ ಓದಿರೋಳು. ಜೊತೆಗಿರೋನು ನಾನು."

ಮೇಷ್ಟ್ರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. "ಆಯ್ತಪ್ಪ, ನೀನು ಜೊತೆಗಿದ್ರೆ ಸಾಕು, ಹೊಲ ಮಾಡ್ಕಳ್ರಿ," ಎಂದು ನೆರಳಿಗೆ ಹೋದರು.

ಅಪ್ಪ ಬಿಳಿ ಅಂಗಿ ಬಿಚ್ಚಿ, ಮಡಚಿ, ಬೇಲಿಯ ಮುಳ್ಳಿಗೆ ತಾಗದ ಹಾಗೆ ಒಂದು ಕಲ್ಲಿನ ಮೇಲಿಟ್ಟ. ಬನಿಯನ್ನಿನಲ್ಲಿ ಬದು ಹತ್ತಿ ಹೊಲವನ್ನು ಉದ್ದಕ್ಕೂ ಒಂದು ಸಲ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಯಜಮಾನರ ಮುಂದೆ ಬೆಳಿಗ್ಗೆ ಬೆಳಿಗ್ಗೆ ನಿಂತು ಕೇಳುತ್ತಿದ್ದ ಪ್ರಶ್ನೆಯನ್ನು ಬೇರೆಯೇ ದನಿಯಲ್ಲಿ ಕೇಳಿದ:

"ಎಲ್ಲಿಂದ ಶುರು ಮಾಡಾಣ, ಹೇಳವ್ವ."